ಮನೆಯವರೆಲ್ಲರ ಪರವಾಗಿ

ಸುಬಾಂಗ್ ಜಯಾ
ಭಾನುವಾರ, ೧೩ ಜುಲೈ ೨೦೨೫

ಪ್ರೀತಿಯ ನಿಹಾರಿಕಾ,

ಮೊದಲು ಮನಸಾರೆ ಬೈದುಬಿಡು, ಆಮೇಲೆ ಓದು. ನಿನ್ನ ಪತ್ರ ಬಂದದ್ದು ಯುಗಾದಿಯ ಆಸುಪಾಸಿನಲ್ಲಿ, ನಾನು ಉತ್ತರಕ್ಕೆ ಕೂತದ್ದು ಈಗ. ಫೋನಿನಲ್ಲಿ ಎರಡು ಸಾಲು ಒತ್ತಿ ಕಳಿಸಬಹುದಿತ್ತು. ಆದರೆ ನೀವೆಲ್ಲ ಮೈಸೂರಿಗೆ ವಾಪಸು ಹೊರಟ ದಿನ ವಿಮಾನ ನಿಲ್ದಾಣದಲ್ಲಿ ನೀನು ಹಾಕಿದ ಷರತ್ತು ನೆನಪಿದೆ: ಮುಖ್ಯವಾದದ್ದೆಲ್ಲ ಕಾಗದದ ಮೇಲೆ, ಕನ್ನಡದಲ್ಲಿ. ಇಲ್ಲಿ ಹುಟ್ಟಿ ಬೆಳೆದವರಲ್ಲಿ ಕನ್ನಡದಲ್ಲಿ ಬೈಸಿಕೊಂಡು ಕನ್ನಡದಲ್ಲೇ ತಿರುಗಿ ಬೈಯುವವಳು ನಾನೊಬ್ಬಳೇ ಎಂದು ನೀನು ಹೊಗಳುತ್ತಿದ್ದೆಯಲ್ಲ, ಆ ಹೊಗಳಿಕೆಯನ್ನಾದರೂ ಉಳಿಸಿಕೊಳ್ಳಬೇಕು.

ನೀನು ಕಳಿಸಿದ ಕರಪತ್ರಗಳ ಕಟ್ಟನ್ನು ಎಲ್‌ಆರ್‌ಟಿ ರೈಲಿನಲ್ಲಿ ಹೋಗಿಬರುವಾಗ ಓದಿ ಮುಗಿಸಿದೆ. ಪಕ್ಕದಲ್ಲಿ ಕೂತಿದ್ದ ತಮಿಳು ಆಂಟಿಯೊಬ್ಬರು ಇಣುಕಿ ನೋಡಿ, "ಎನ್ನಮ್ಮಾ, ಎಕ್ಸಾಮಾ?" ಎಂದರು. ಹೌದು ಆಂಟಿ, ಎಕ್ಸಾಮೇ ಎಂದೆ. ಅಲ್ಲಿಯೂ ಜನರನ್ನು ಎಣಿಸುವ ಜಗಳ ನಡೆದಿದೆ ಎಂದು ಬರೆದಿದ್ದೀಯ. ಎಣಿಸುವುದು ಸಣ್ಣ ಕೆಲಸವಲ್ಲ ನಿಹಾ. ಯಾರನ್ನು ಯಾವ ಹೆಸರಿನಲ್ಲಿ ಎಣಿಸುತ್ತಾರೋ ಆ ಹೆಸರಿಗೇ ಶಾಲೆ, ಆ ಹೆಸರಿಗೇ ಪಾಲು. ಹೆಸರಿಲ್ಲದವರಿಗೆ ಸಮಾಧಾನದ ಮಾತು.

ನನಗೆ ಕೆಲಸ ಸಿಕ್ಕಿದೆ. ತಾತ್ಕಾಲಿಕ, ಆದರೂ ಕೆಲಸ. ಇಲ್ಲೇ ಸುಬಾಂಗಿನಲ್ಲಿ ಒಂದು ಮಾಮಕ್ ಊಟದಂಗಡಿಯ ಮೇಲಿನ ಮಹಡಿಯಲ್ಲಿ ಸಣ್ಣ ಸಂಶೋಧನಾ ಕಚೇರಿ ಇದೆ. ನಮ್ಮ ಪ್ರಶ್ನಾವಳಿಗಳಿಗೆಲ್ಲ ಮೀನಿನ ಸಾರಿನ ವಾಸನೆ. ಮನೆ ಮನೆಗೆ ಹೋಗಿ ನಡೆಸುವ ರಾಷ್ಟ್ರೀಯ ಸಮೀಕ್ಷೆಗಳಲ್ಲಿ ಜನಾಂಗದ ಪ್ರಶ್ನೆ ಹಳೆಯದಾಗಿದೆ, ಅದನ್ನು ಹೊಸದಾಗಿ ಹೇಗೆ ಕೇಳಿದರೆ ಜನರಿಗೆ ಅರ್ಥವಾಗುತ್ತದೆ ಎಂದು ಪರೀಕ್ಷೆ ಮಾಡುವುದು ನಮ್ಮ ಕೆಲಸ. ಹಳೆಯ ಪ್ರಶ್ನೆ ನಿನಗೆ ಗೊತ್ತು: ಮಲಯ್, ಚೀನೀ, ಇಂಡಿಯನ್, ಲೈನ್-ಲೈನ್ ಅಂದರೆ ಇತರರು. ಶಾಲೆಯಲ್ಲಿ ನೀನು "ನಾವೆಲ್ಲ ಯಾವ ಲೈನಿನವರು?" ಎಂದು ನಗಿಸುತ್ತಿದ್ದೆ. 'ಇತರರು' ಎಂಬ ಆ ಮಾತು ಈಗ ನನಗೆ ನಗು ತರಿಸುವುದಿಲ್ಲ.

ನಾವು ಪರೀಕ್ಷಿಸುತ್ತಿರುವ ಹೊಸ ಪ್ರಶ್ನೆಯಲ್ಲಿ ಪೆಟ್ಟಿಗೆಗಳೇ ಇಲ್ಲ. 'ನಿಮ್ಮನ್ನು ನೀವು ಯಾವ ಜನದವರೆಂದು ಹೇಳಿಕೊಳ್ಳುತ್ತೀರಿ? ಒಂದಕ್ಕಿಂತ ಹೆಚ್ಚಿದ್ದರೆ ಎಲ್ಲವನ್ನೂ ಹೇಳಿ.' ಇಷ್ಟೇ. ಮೊದಲ ಸಲ ಓದಿದಾಗ ಕಣ್ಣು ತುಂಬಿ ಬಂತು, ನಗಬೇಡ. ಉತ್ತರ ಹೇಳಿದ ಮೇಲೆ ನಾವು "ಇನ್ನೂ ಇದೆಯಾ?" ಎಂದು ಒಂದು ಸಲ ಕೇಳಬೇಕು. ಅದಕ್ಕಿಂತ ಹೆಚ್ಚು ಒಂದು ಮಾತೂ ಆಡುವಂತಿಲ್ಲ. ತಲೆ ಆಡಿಸುವಂತಿಲ್ಲ, ಭೇಷ್ ಎನ್ನುವಂತಿಲ್ಲ, ಮುಖ ಕೂಡ ಸುಮ್ಮನಿರಬೇಕು. ನನ್ನ ಮುಖ ಸುಮ್ಮನಿದ್ದದ್ದನ್ನು ನೀನು ಎಂದಾದರೂ ನೋಡಿದ್ದೀಯಾ?

ಒಂದೇ ಒಂದು ನಿಯಮ ನನ್ನ ರಕ್ತ ಕುದಿಸುತ್ತದೆ. ಬಾಗಿಲು ತೆಗೆದವರು ಮನೆಯವರೆಲ್ಲರ ಪರವಾಗಿ ಉತ್ತರ ಕೊಡಬಹುದು! ಸಮಯ ಉಳಿಯುತ್ತದಂತೆ. ಕಳೆದ ವಾರ ಒಂದು ಫ್ಲಾಟಿನಲ್ಲಿ ಗಂಡಸೊಬ್ಬ ಟಿವಿಯಲ್ಲಿ ಫುಟ್ಬಾಲ್ ನೋಡುತ್ತಲೇ ಹೆಂಡತಿಯ ಉತ್ತರವನ್ನೂ ಹೇಳಿದ. ಅವಳು ಸಾರವಾಕ್ ಕಡೆಯ ಇಬಾನ್ ಜನದ ಹೆಂಗಸು, ಅಲ್ಲೇ ಒಳಗೆ ಸೌತೆಕಾಯಿ ಹೆಚ್ಚುತ್ತಿದ್ದಳು. "ಅವಳಿಗೂ ನಂದೇ ಬರ್ಕೊಳ್ಳಿ, ಸುಲಭ ಲಾ" ಎಂದ. ಚಾಕುವಿನ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಒಬ್ಬರು ಇನ್ನೊಬ್ಬರ ವಯಸ್ಸು ಹೇಳಲಿ, ಕೆಲಸ ಹೇಳಲಿ. ಇನ್ನೊಬ್ಬರು ಯಾರು ಎಂದು ಹೇಳುವ ಹಕ್ಕು ಯಾರಿಗಿದೆ? ಇದನ್ನೇ ವರದಿಯಲ್ಲಿ ಬರೆದೆ. ನಮ್ಮ ಮೇಲ್ವಿಚಾರಕಿ ಪುವಾನ್ ರೋಹಾನಾ ಓದಿ, ಕನ್ನಡಕ ತೆಗೆದು, "ಪೂರ್ವಿ, ವರದಿ ಚೆನ್ನಾಗಿದೆ. ಕೊನೇಲಿ ಇರೋ ಭಾಷಣ ಮಾತ್ರ ತೆಗಿ" ಎಂದರು. ಒಳ್ಳೆಯ ಹೆಂಗಸು. ನಿವೃತ್ತಿಗೆ ಹತ್ತಿರವಿದ್ದಾರೆ, ಆದರೂ ಪುತ್ರಜಯಾದ ಸರ್ಕಾರಿ ಸಭೆಯಲ್ಲಿ ನನ್ನ ಮಾತನ್ನು ಎತ್ತುವುದಾಗಿ ಹೇಳಿದ್ದಾರೆ.

ಈಗ ನಿಜವಾದ ಸುದ್ದಿ. ಸಣ್ಣ ಸಮುದಾಯಗಳ ಮನೆಗಳು ಪರೀಕ್ಷೆಗೆ ಸಿಗುತ್ತಿಲ್ಲ ಎಂದು ಪುವಾನ್ ಕೊರಗುತ್ತಿದ್ದರು. ನಮ್ಮ ಮನೆಯ ಹೆಸರು ಕೊಟ್ಟುಬಿಟ್ಟೆ. ಸ್ವಂತ ಮನೆಯಲ್ಲಿ ನಾನು ಪ್ರಶ್ನೆ ಕೇಳುವಂತಿಲ್ಲ, ಅವರೇ ಬರುತ್ತಾರೆ. ಒಂದೇ ಷರತ್ತು ಹಾಕಿದೆ: ನಮ್ಮ ಮನೆಯಲ್ಲಿ ಯಾರೂ ಯಾರ ಪರವಾಗಿಯೂ ಹೇಳುವುದಿಲ್ಲ. ಅಜ್ಜಿಯ ಉತ್ತರವನ್ನು ಅಜ್ಜಿಯೇ ಹೇಳಬೇಕು.

ಅಜ್ಜಿಯ ವಿಷಯ ನಿನಗೆ ಅರ್ಧ ಗೊತ್ತು. ಮಾಂಟ್ ಕಿಯಾರಾದಲ್ಲಿ ಹೊಸದಾಗಿ ಬಂದಿಳಿದ ಬೆಂಗಳೂರಿನವರು ಅವಳ ಮುಖ ನೋಡಿ "ಅಜ್ಜಿ ಈಶಾನ್ಯದ ಕಡೆಯವರಾ?" ಎಂದು ಕೇಳಿದಾಗ, "ಇಲ್ಲಪ್ಪ, ನಾವು ತಿಪಟೂರು ಕಡೆಯೋರು" ಎಂದು ಅವಳು ಅಚ್ಚ ಕನ್ನಡದಲ್ಲಿ ಹೇಳಿ ಅವರ ಬಾಯಿ ಮುಚ್ಚಿಸಿದ್ದಕ್ಕೆ ನಾವಿಬ್ಬರೂ ಬಿದ್ದು ಬಿದ್ದು ನಕ್ಕಿದ್ದೆವು. ಇಲ್ಲಿನ ಹಳಬರು ಯಾರೂ ಕೇಳುವುದಿಲ್ಲ, ನೋಡಿದರೆ ಗೊತ್ತಾಗುತ್ತದೆ. ಬಡ ಚೀನೀ ಮನೆಗಳು ಹೆಣ್ಣುಕೂಸನ್ನು ಪಕ್ಕದ ತೋಟದ ಇಂಡಿಯನ್ ಮನೆಗೆ ಕೊಟ್ಟುಬಿಡುತ್ತಿದ್ದ ಕಾಲ ಅದು. ನನ್ನ ಮುತ್ತಜ್ಜ ರಾಮದಾಸ ಕ್ಲಾಂಗ್ ಕಡೆಯ ರಬ್ಬರ್ ತೋಟದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಮುತ್ತಜ್ಜಿ ಹೊನ್ನಮ್ಮನಿಗೆ ಮಕ್ಕಳಿರಲಿಲ್ಲ. ಹತ್ತಿರದ ಬೇಲಿ ಹಾಕಿದ ಚೀನೀ ಹಳ್ಳಿಯಿಂದ ಸೊಪ್ಪು ಮಾರಲು ಬರುತ್ತಿದ್ದವಳು ಒಂದು ದಿನ ಸೊಪ್ಪಿನ ಬುಟ್ಟಿಯ ಜೊತೆಗೆ ಕೂಸನ್ನೂ ಇಳಿಸಿದಳು. ಕೂಸಿಗೆ ಚಂದ್ರಮ್ಮ ಎಂದು ಹೆಸರಿಟ್ಟರು. ಆಮೇಲೆ ಕೆಲವು ವರ್ಷ ಚೀನೀ ಹೊಸವರ್ಷಕ್ಕೆ ಯಾರೋ ಬಾಗಿಲಲ್ಲಿ ಕಿತ್ತಳೆಹಣ್ಣು ಇಟ್ಟುಹೋಗುತ್ತಿದ್ದರಂತೆ, ಆಮೇಲೆ ಅದೂ ನಿಂತಿತಂತೆ.

ನಿನಗೆ ಗೊತ್ತಿಲ್ಲದ ಅರ್ಧ ಇದು: ದತ್ತು ಕಾಗದ ಯಾವುದೂ ಆಗಿಲ್ಲ. ತಮ್ಮದೇ ಮಗಳು ಎಂದು ಬರೆಸಿದ್ದಾರೆ. ಅಪ್ಪನ ಬದುಕಿನ ಭಯವೆಲ್ಲ ಆ ಒಂದು ಮಾತಿನ ಮೇಲೆ ನಿಂತಿದೆ.

ನನಗೆ ಅಕ್ಷರ ಕಲಿಸಿದವಳು ಅಜ್ಜಿ. ಈ ದೇಶದಲ್ಲಿ ಅವಳಿಗಿಂತ ಕನ್ನಡದವಳು ಯಾರಿದ್ದಾರೆ? ಅದನ್ನು ಅವಳ ಬಾಯಿಂದಲೇ ಕೇಳಬೇಕು, ಬರೆದುಕೊಳ್ಳಬೇಕು. ಅಪ್ಪನಿಗೆ ಇನ್ನೂ ಹೇಳಿಲ್ಲ. ಹೇಳುವ ಧೈರ್ಯಕ್ಕಾಗಿಯೇ ನಿನಗೆ ಬರೆಯುತ್ತಿದ್ದೇನೋ ಏನೋ.

ನಿನ್ನ
ಪೂರ್ವಿ

ಸುಬಾಂಗ್ ಜಯಾ
ಭಾನುವಾರ, ೩ ಆಗಸ್ಟ್ ೨೦೨೫

ಪ್ರೀತಿಯ ನಿಹಾ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಮನೆಯಲ್ಲಿ ಮಾತು ನಿಂತಿದೆ. ಯಾರ ಹತ್ತಿರವಾದರೂ ಆಡಬೇಕು.

ಅಪ್ಪನಿಗೆ ಊಟದ ಹೊತ್ತಿನಲ್ಲಿ ಹೇಳಿದೆ. ಅವರು ತಟ್ಟೆಯನ್ನು ಹಿಂದಕ್ಕೆ ಸರಿಸಿದರು.

"ಯಾರನ್ನ ಕೇಳಿ ಹೆಸರು ಕೊಟ್ಟೆ?"

"ಸಮೀಕ್ಷೆಯ ಉತ್ತರ ಬೇರೆ ಯಾವ ಇಲಾಖೆಗೂ ಹೋಗಲ್ಲ ಅಪ್ಪ. ಇದು ಬರೀ ಪರೀಕ್ಷೆ. ಹೆಸರೂ ಬರ್ಕೊಳ್ಳಲ್ಲ."

"ಇವತ್ತು ಹೋಗಲ್ಲ. ನಾಳೆ?"

"ಕಾನೂನಿದೆ."

"ಕಾನೂನು ನಿನ್ನ ಕರಪತ್ರದಲ್ಲಿ ಇರತ್ತೆ ಮಗಳೇ. ಕೌಂಟರಲ್ಲಿ ಕೂತಿರೋನು ಬೇರೆ."

ಆ ಕೌಂಟರಿನ ಕಥೆಯನ್ನು ಅಪ್ಪ ಮೊದಲ ಸಲ ಹೇಳಿದರು. ಹನ್ನೆರಡು ತುಂಬಿದಾಗ ಗುರುತಿನ ಚೀಟಿ ಮಾಡಿಸಲು ಅಜ್ಜಿಯ ಜೊತೆ ಹೋಗಿದ್ದರಂತೆ. ಕೌಂಟರಿನವನು ಕಾಗದ ನೋಡಿದ, ಅಜ್ಜಿಯ ಮುಖ ನೋಡಿದ, ಮತ್ತೆ ಕಾಗದ ನೋಡಿದ. ಪಕ್ಕಕ್ಕೆ ಕೂರಿಸಿದ. ಬೇರೆಯವರೆಲ್ಲ ಬಂದು ಹೋದರು. ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ ಕೂತಿದ್ದಳು. ಕೊನೆಗೆ ಅವನು ಅಜ್ಜಿಯನ್ನು ಬಿಟ್ಟು ಹುಡುಗನನ್ನು ಕರೆದು ಕೇಳಿದ, ಇವಳು ನಿಜವಾಗಿ ನಿನ್ನ ಅಮ್ಮನಾ, ಯಾವ ಜನ? "ಇಂಡಿಯನ್, ಕನ್ನಡ" ಎಂದರಂತೆ ಅಪ್ಪ, ಅಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ. ಚೀಟಿ ಸಿಕ್ಕಿತು. ಅವತ್ತಿನಿಂದ ಬ್ಯಾಂಕಿರಲಿ, ಆಸ್ಪತ್ರೆಯಿರಲಿ, ಅಜ್ಜಿಯ ಬದಲಿಗೆ ಅಪ್ಪನೇ ಉತ್ತರ ಹೇಳುವುದು.

"ಅಮ್ಮನ ಕಾಗದ ಕೆದಕಿದ್ರೆ ನನ್ನದು ಬರತ್ತೆ. ನನ್ನದು ಕೆದಕಿದ್ರೆ ನಿನ್ನದು" ಎಂದರು. "ನಾಳೆ ಯಾರಾದ್ರೂ ಇಲ್ಲಿಯೋರಲ್ಲ ಅಂದ್ರೆ ಎಲ್ಲಿಗೆ ಹೋಗ್ತೀವಿ? ತಿಪಟೂರಿಗಾ? ಅಲ್ಲಿ ನಮ್ಮನ್ನ ಯಾರು ಗುರುತಿಸ್ತಾರೆ?"

"ಹಾಗಂತ ಅಜ್ಜಿ ಸಾಯೋವರೆಗೂ ನೀವೇ ಮಾತಾಡ್ತೀರಾ?"

"ಸಾಯೋ ಮಾತು ಯಾಕೆ ಈಗ?" ಎಂದು ಅಮ್ಮ ಸೌಟಿನಲ್ಲಿ ಪಾತ್ರೆಗೆ ಬಡಿದಳು. "ನಿಮ್ಮ ಜಗಳದಲ್ಲಿ ಸಾರು ಆರಿಹೋಯ್ತು. ಈ ಕಾಂತಮ್ಮ ಮದುವೆಯಾಗಿ ಬಂದಾಗಿನಿಂದ ಬಿಸಿ ಸಾರು ಉಂಡಿದ್ದೇ ಇಲ್ಲ ಅಂತ ನಿನ್ನ ಸಮೀಕ್ಷೇಲಿ ಬರೆಸು."

ಅಜ್ಜಿ ಎದ್ದು ಮಜ್ಜಿಗೆ ಪಾತ್ರೆ ತಂದಳು. ಎಲ್ಲರ ತಟ್ಟೆಗೂ ಹಾಕಿದಳು.

ಅಪ್ಪನ ಭಯ ನನಗೆ ಅರ್ಥವಾಗುತ್ತದೆ, ಆದರೆ ಅದಕ್ಕೆ ನಾನು ತಲೆಬಾಗುವುದಿಲ್ಲ. ಹೆದರಿಕೊಂಡವರ ಮೌನದ ಮೇಲೆಯೇ ಹಳೆಯ ಪೆಟ್ಟಿಗೆಗಳು ನಿಂತಿರುವುದು. ಇದನ್ನೆಲ್ಲ ಸೇರಿಸಿ ನಾನೇ ಒಂದು ಕರಪತ್ರ ಬರೆದೆ. 'ನಾವು ಇತರರಲ್ಲ' ಎಂದು ತಲೆಬರಹ. ಯಾರೂ ನಿಮ್ಮ ಪರವಾಗಿ ಉತ್ತರ ಹೇಳಲು ಬಿಡಬೇಡಿ, ನೀವು ಯಾರೆಂದು ನೀವೇ ಹೇಳಿ, ಕನ್ನಡ ಎಂದು ಹೇಳಿ. ಕಾಲೇಜಿನ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಪ್ರತಿ ಮಾಡಿಸಿ ಕನ್ನಡದವರ ಸಹಭೋಜನದಲ್ಲಿ ಬಾಳೆ ಎಲೆಯ ಪಕ್ಕಕ್ಕೊಂದು ಇಟ್ಟೆ. ಐಟಿ ಕಂಪನಿಯ ಲೋಕೇಶ ಅಂಕಲ್ ಅದರಲ್ಲಿ ಕೈ ಒರೆಸಿಕೊಂಡರು. ಆಮೇಲೆ ನಾಚಿಕೆಯಾಗಿ ಬಿಡಿಸಿ ಓದಿದರು.

"ನಾವು ಎಂಪ್ಲಾಯ್‌ಮೆಂಟ್ ಪಾಸಿನೋರು ಪೂರ್ವಿ, ಎರಡು ವರ್ಷ ಇದ್ದು ಹೋಗೋರು. ನಮಗೂ ಕಾಲಂ ಬೇಕಾ?"

"ಇದ್ದಷ್ಟು ದಿನ ಯಾರಾಗಿ ಇರ್ತೀರಿ ಅಂಕಲ್?"

"ಬಾಡಿಗೆದಾರನಾಗಿ!" ಎಂದು ಅವರು ನಕ್ಕರು, ಪಂಕ್ತಿಯೆಲ್ಲ ನಕ್ಕಿತು. ನಾನು ನಗಲಿಲ್ಲ. ಅವರಿಗೆ ಇದು ಊಟದ ಜೊತೆಗಿನ ಉಪ್ಪಿನಕಾಯಿ. ನಮ್ಮ ಮನೆಗೆ ಹಾಗಲ್ಲ.

ಆ ಕರಪತ್ರ ಹೇಗೋ ಪುವಾನ್ ರೋಹಾನಾ ಕೈಗೂ ಸೇರಿತು. ಓದಲು ಬರದಿದ್ದರೂ ಏನೆಂದು ಊಹಿಸಿದ್ದರು. ಕೆಳಗಿನ ಅಂಗಡಿಯಲ್ಲಿ ಟೀ ಕುಡಿಸುತ್ತ ಕೂರಿಸಿ ಹೇಳಿದರು, "ನಾವು ಥರ್ಮಾಮೀಟರ್ ಲಾ, ಪೂರ್ವಿ. ಥರ್ಮಾಮೀಟರಿಗೇ ಜ್ವರ ಬಂದ್ರೆ ರೋಗಿ ಗತಿ ಏನು? ಯಾರು ಏನು ಹೇಳಬೇಕು ಅಂತ ನೀನು ಹೇಳಿಕೊಟ್ಟರೆ, ಅವರು ಹೇಳಿದ್ದು ಅವರ ಮಾತಾ, ನಿನ್ನದಾ?" ಅವರ ಮಾತು ಸರಿ ಎಂದು ತಲೆ ಒಪ್ಪಿತು. ಮನಸ್ಸು ಮಾತ್ರ, ಬೆಂಕಿ ಬಿದ್ದ ಮನೆಯಲ್ಲಿ ಥರ್ಮಾಮೀಟರ್ ಹಿಡಿದು ನಿಲ್ಲಲಾ ಎಂದು ಕೇಳುತ್ತಿತ್ತು. ಕೆಲಸದಿಂದ ತೆಗೆಯಲಿಲ್ಲ. ಉಳಿದ ಪ್ರತಿಗಳನ್ನು ಹಂಚಬಾರದು ಎಂದು ಮಾತು ತೆಗೆದುಕೊಂಡರು.

ನಿಹಾ, ನನಗೆ ಆತಂಕವಾಗಿರುವುದು ಅಜ್ಜಿಯ ಬಗ್ಗೆ. ಆ ಜಗಳದ ಮಾರನೆಯ ದಿನ ಬಟ್ಟೆ ಒಣಹಾಕುತ್ತಿದ್ದಾಗ ನನ್ನನ್ನು ಹಿತ್ತಲಿಗೆ ಕರೆದಳು.

"ಆ ಹೆಂಗಸು ನನ್ನನ್ನೇ ಕೇಳ್ತಾಳಾ? ಇಲ್ಲ ನಿಮ್ಮಪ್ಪ ತಿಮ್ಮುನ ಕೇಳ್ತಾಳಾ?"

"ನಿನ್ನನ್ನೇ ಅಜ್ಜಿ."

"ಒಂದೇ ಹೇಳಬೇಕಾ?"

"ಎಷ್ಟು ಬೇಕಾದ್ರೂ ಹೇಳಬಹುದು. ನಿಂಗೆ ಇಷ್ಟ ಬಂದ ಹಂಗೆ."

"ಮಲಯ್‌ನಲ್ಲಿ ನಂಗೆ ಮೀನಿನ ರೇಟು ಕೇಳಕ್ಕೆ ಬರತ್ತೆ. ಇದನ್ನ ಹೇಳಕ್ಕೆ ಬರಲ್ಲ. ಕನ್ನಡದಲ್ಲಿ ಹೇಳ್ತೀನಿ. ನೀನು ಅವಳಿಗೆ ಹೇಳ್ತೀಯಾ?"

"ಹೇಳ್ತೀನಿ."

"ನಾನು ಹೇಳಿದ ಹಂಗೇ?"

"ಅದೇ ನಿಯಮ ಅಜ್ಜಿ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಮ್ಮಿ ಇಲ್ಲ."

ಅವಳು ಒದ್ದೆ ಪಂಚೆಯನ್ನು ಕೊಡವಿ ತಂತಿಗೆ ಹಾಕಿದಳು. ಅಲ್ಲಿಂದ ಈಚೆಗೆ ಅವಳು ಮೊದಲಿನ ಅಜ್ಜಿಯಲ್ಲ. ಊಟ ಅರ್ಧಕ್ಕೆ ಬಿಡುತ್ತಾಳೆ. ಹೂ ಕಟ್ಟುತ್ತ ಕೂತವಳು ದಾರ ಕೈಯಲ್ಲೇ ಹಿಡಿದು ಬಾಗಿಲು ನೋಡುತ್ತಾಳೆ. ದಿನಾ ಬೆಳಿಗ್ಗೆ "ಯಾವತ್ತು ಬರ್ತಾಳೆ?" ಎನ್ನುತ್ತಾಳೆ. ತುಟಿ ಅಲ್ಲಾಡುವುದನ್ನು ನೋಡುತ್ತೇನೆ, ದೇವರ ನಾಮವೋ ಬೇರೇನೋ ತಿಳಿಯುವುದಿಲ್ಲ. "ನೋಡು, ಹೆದರಿಸಿಬಿಟ್ಟೆ ಅವಳನ್ನ" ಎನ್ನುತ್ತಾರೆ ಅಪ್ಪ. ಬೇಡವೆನ್ನಲಾ ಪುವಾನ್‌ಗೆ? ಒಂದು ಮಾತಿನಲ್ಲಿ ನಿಲ್ಲಿಸಬಹುದು. ಆದರೆ ಬೇಡವೆಂದು ನಾನು ಹೇಳಿದರೆ ಅದೂ ಅಜ್ಜಿಯ ಪರವಾಗಿ ಹೇಳಿದ್ದೇ ಆಗುತ್ತದಲ್ಲ?

ಬೇಗ ಬರೆ. ನಾನು ಮಾಡುತ್ತಿರುವುದು ಸರಿ ಎಂದು ಬರೆ. ಸರಿಯಿಲ್ಲದಿದ್ದರೂ ಹಾಗೆಯೇ ಬರೆ.

ನಿನ್ನ
ಪೂರ್ವಿ

ಸುಬಾಂಗ್ ಜಯಾ
ಬುಧವಾರ, ೨೦ ಆಗಸ್ಟ್ ೨೦೨೫

ಪ್ರೀತಿಯ ನಿಹಾರಿಕಾ,

ನಿನ್ನ ಪತ್ರ ಸಿಕ್ಕಿತು. 'ಅಜ್ಜಿ ಹೆದರಿದ್ದಾಳೆ ಎಂದು ನಿನಗೆ ಅವಳು ಹೇಳಿದಳಾ, ನಿಮ್ಮಪ್ಪ ಹೇಳಿದರಾ?' ಎಂದು ಕೇಳಿದ್ದೀಯ. ಅದು ನನ್ನ ಕೈಗೆ ಬಂದದ್ದು ಎಲ್ಲ ಮುಗಿದ ಮೇಲೆ. ತಕ್ಷಣ ಉತ್ತರ ಬರೆಯದೆ ಇದ್ದದ್ದಕ್ಕೆ ಕೋಪ ಮಾಡಿಕೊಳ್ಳಬೇಡ. ಎರಡು ಸಲ ಕೂತು, ಎರಡು ಸಲ ಎದ್ದೆ.

ಪುವಾನ್ ರೋಹಾನಾ ಶನಿವಾರ ಬೆಳಿಗ್ಗೆ ಬಂದರು. ನೇರಳೆ ಬಣ್ಣದ ಬಾಜು ಕುರುಂಗ್ ಉಡುಪು, ಕೈಯಲ್ಲಿ ಬಾಳೆ ಎಲೆ ಸುತ್ತಿದ ಸಿಹಿ. ಅಮ್ಮ ಕೇಸರಿಬಾತ್ ಮಾಡಿದ್ದಳು. ಅಪ್ಪ ರಜೆಯ ದಿನವೂ ಇಸ್ತ್ರಿ ಮಾಡಿದ ಆಫೀಸ್ ಷರ್ಟ್ ತೊಟ್ಟು, ಸೋಫಾದ ಹಿಂದೆ ನಿಂತೇ ಇದ್ದರು. ಅಜ್ಜಿಯನ್ನು ನೀನು ನೋಡಬೇಕಿತ್ತು. ಮದುವೆಗಳಿಗೆ ಮಾತ್ರ ತೆಗೆಯುವ ಕಂದು ರೇಷ್ಮೆಸೀರೆ, ಮುಡಿಯಲ್ಲಿ ತಾನೇ ಕಟ್ಟಿದ ಮಲ್ಲಿಗೆ. ಯಾರಾದರೂ ಬಂದರೆ ಅಡುಗೆಮನೆಯ ಬಾಗಿಲಲ್ಲಿ ನಿಲ್ಲುವವಳು, ಅವತ್ತು ಎಲ್ಲರಿಗಿಂತ ಮೊದಲು ಬಂದು ಸೋಫಾದ ನಡುವೆ ಕೂತಿದ್ದಳು.

ಮೊದಲು ಅಪ್ಪ. "ಇಂಡಿಯನ್" ಎಂದರು. ಇನ್ನೂ ಇದೆಯಾ ಎಂದಾಗ ನನ್ನ ಕಡೆ ನೋಡಿ, "ಕನ್ನಡ ಅಂತಲೂ ಬರ್ಕೊಳ್ಳಿ" ಎಂದರು. ಅಮ್ಮನನ್ನು ಕೇಳಿದರೆ "ಮೈಸೂರು" ಎಂದಳು.

"ಅದು ಊರು ಅಮ್ಮ" ಎಂದೆ. ಪುವಾನ್ ನನ್ನನ್ನು ಕಣ್ಣಲ್ಲೇ ತಡೆದರು.

"ನಂಗೆ ಅದೇ ನಮ್ಮ ಜನ. ಬರ್ಕೊಳ್ಳಕ್ಕೆ ಹೇಳು. ನಂಜನಗೂಡು ದಾಟಿದ್ರೆ ನಂಗೆ ಎಲ್ಲಾ ಪರದೇಶವೇ."

ಪುವಾನ್ ನಗದೆ, ಒಂದೊಂದೇ ಅಕ್ಷರ ಕೇಳಿಕೊಂಡು, ಮೈಸೂರು ಎಂದು ಬರೆದುಕೊಂಡರು. ನನ್ನ ಸರದಿಯಲ್ಲಿ ನಾನು ಕನ್ನಡ, ಮಲೇಷಿಯನ್ ಎರಡೂ ಎಂದೆ. ಎಷ್ಟು ದಿನದಿಂದ ಕಾದಿದ್ದ ಪ್ರಶ್ನೆ, ಉತ್ತರ ಹೇಳಿದ್ದು ಮಾತ್ರ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ.

ಆಮೇಲೆ ಅಜ್ಜಿ. ಅಜ್ಜಿ ಕನ್ನಡದಲ್ಲಿ ಹೇಳಿದಳು, ನಾನು ಮಲಯ್‌ನಲ್ಲಿ ಹೇಳಿದೆ, ಪುವಾನ್ ಬರೆದುಕೊಂಡರು: ಕನ್ನಡ. ಅಪ್ಪ ಉಸಿರು ಬಿಟ್ಟದ್ದು ಇಡೀ ಕೋಣೆಗೆ ಕೇಳಿಸಿತು.

ಅಷ್ಟೇ. ಏನೂ ಆಗಲಿಲ್ಲ. ಪುವಾನ್ ಎರಡು ಸಲ ಕೇಸರಿಬಾತ್ ಹಾಕಿಸಿಕೊಂಡರು. ಹೋಗುವಾಗ ಅಜ್ಜಿಯ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು, ಒಂದು ಕ್ಷಣ ಬಿಡದೆ ನಿಂತಿದ್ದರು. ಅಪ್ಪನ ಖುಷಿ ಹೇಳತೀರದು. ಮಧ್ಯಾಹ್ನ ತಾವೇ ಹೋಗಿ ಎಲ್ಲರಿಗೂ ರೊಟಿ ಚನಾಯ್ ಕಟ್ಟಿಸಿಕೊಂಡು ಬಂದರು. "ನೀನು ಗೆದ್ದೆ ಬಿಡು" ಎಂದರು. "ಅಮ್ಮನೇ ಹೇಳಿದ್ಲು, ನಾನು ಹೇಳ್ತಿದ್ದದ್ದನ್ನೇ ಹೇಳಿದ್ಲು. ಇಬ್ಬರಿಗೂ ಸಮಾಧಾನ." ನನ್ನ ಪಾಲಿನ ರೊಟ್ಟಿಯನ್ನು ಅಮ್ಮನ ತಟ್ಟೆಗೆ ಹಾಕಿದೆ. ನೀರು ಕುಡಿದು ಎದ್ದೆ.

ಕೆಲಸದಲ್ಲಿಯೂ ಒಳ್ಳೆಯ ಸುದ್ದಿಯೇ ಇದೆ. ಪ್ರತಿಯೊಬ್ಬರೂ ತಮ್ಮ ಉತ್ತರ ತಾವೇ ಹೇಳಬೇಕು ಎಂಬ ನನ್ನ ವಾದವನ್ನು ಪುತ್ರಜಯಾದ ಸಭೆಗೆ ಪುವಾನ್ ಕೊನೆಗೂ ಒಯ್ಯುತ್ತಿದ್ದಾರೆ. ಒಂದು ಪುಟದಲ್ಲಿ ಬರೆದುಕೊಡು, ಈ ಸಲ ಭಾಷಣವನ್ನೂ ಇಟ್ಟುಕೋ ಎಂದಿದ್ದಾರೆ. ಸೋಮವಾರದಿಂದ ಆ ಪುಟದ ಮುಂದೆ ಕೂತಿದ್ದೇನೆ. ಮೊದಲ ವಾಕ್ಯ ಬರುತ್ತಿಲ್ಲ. ನನಗೆ, ನಿಹಾ, ವಾಕ್ಯ ಬರುತ್ತಿಲ್ಲ.

ನಿನಗೆ ಕಳಿಸಿದ್ದ 'ನಾವು ಇತರರಲ್ಲ' ಕರಪತ್ರವನ್ನು ಹಾಸ್ಟೆಲಿ‌ನ ಗೋಡೆಗೆ ಅಂಟಿಸಿರುವುದಾಗಿ ಬರೆದಿದ್ದೀಯ. ದಯವಿಟ್ಟು ತೆಗೆದುಬಿಡು. ಅದರಲ್ಲಿ ತಪ್ಪೇನೂ ಇಲ್ಲ, ಪ್ರತಿಯೊಂದು ಸಾಲೂ ಸರಿಯಾಗಿಯೇ ಇದೆ. ಆದರೂ ತೆಗೆ.

ಅಜ್ಜಿ ಈಗ ಸರಿಯಾಗಿ ಊಟ ಮಾಡುತ್ತಾಳೆ. ಬಾಗಿಲು ನೋಡುವುದಿಲ್ಲ, ಯಾರು ಯಾವತ್ತು ಬರುತ್ತಾರೆಂದು ಕೇಳುವುದಿಲ್ಲ. ಎಲ್ಲ ಮೊದಲಿನ ಹಾಗೆಯೇ ಆಯಿತೆಂದು ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು. ನಿನಗೆ ಪತ್ರ ಬರೆಯುತ್ತಿದ್ದೇನೆ ಎಂದಾಗ ಅಜ್ಜಿ, "ಆ ಹುಡುಗಿಗೆ ಒಳ್ಳೇದಾಗ್ಲಿ ಅಂತ ಬರಿ. ಓದು ಚೆನ್ನಾಗಿ ಹತ್ತಲಿ, ಮನೆ ಮಂದಿಯೆಲ್ಲ ತಣ್ಣಗಿರಲಿ" ಎಂದಳು. ಅವಳು ಹೇಳಿದ ಹಾಗೆಯೇ ಬರೆದಿದ್ದೇನೆ, ಒಂದು ಮಾತು ಬಿಟ್ಟಿಲ್ಲ. ಅಮ್ಮ ಅಪ್ಪ ಇಬ್ಬರ ಹಾರೈಕೆಯೂ ನಿನ್ನ ಜೊತೆಗಿದೆ. ನಿಮ್ಮ ಮನೆಯ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನವಳೇ
ಪೂರ್ವಿ

ತಾಜಾ ಕಲಂ: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ನಿನಗೂ ಹೇಳದಿದ್ದರೆ ಇದನ್ನು ಯಾರಿಗೂ ಹೇಳುವುದಿಲ್ಲ.

ಅಜ್ಜಿ ಹೇಳಿದ್ದು ಹೀಗೆ: "ಮೊದಲು ನನ್ನ ಹೆತ್ತೋಳ ಜನ ಬರ್ಕೊಳ್ಳಮ್ಮ. ಆಮೇಲೆ ಸಾಕಿದೋಳ ಜನ. ಎರಡೂ ನನ್ನೋರೇ. ಹೆತ್ತೋಳು ಮುಂದಿರಲಿ, ಅವಳನ್ನ ಇಷ್ಟು ವರ್ಷ ಯಾರೂ ಬರ್ಕೊಂಡಿಲ್ಲ." ಒಂದೂ ತಡವರಿಸಲಿಲ್ಲ. ಅಷ್ಟು ದಿನ ಅವಳ ತುಟಿಯ ಮೇಲೆ ಅಲ್ಲಾಡುತ್ತಿದ್ದದ್ದು ಇದೇ ಮಾತು. ಅವಳು ಹೆದರಿರಲಿಲ್ಲ ನಿಹಾ, ಬಾಯಿಪಾಠ ಮಾಡಿಕೊಳ್ಳುತ್ತಿದ್ದಳು.

ನಾನು ಪುವಾನ್ ಕಡೆ ತಿರುಗಿದೆ. ಬೆನ್ನ ಹಿಂದೆ ಅಪ್ಪ ಸೋಫಾವನ್ನು ಹಿಡಿದದ್ದು ಗೊತ್ತಾಯಿತು. ಎದುರಿಗೆ ಕೂತಿದ್ದ ಆ ಒಳ್ಳೆಯ ಹೆಂಗಸು, ಅವರ ಕೈಯಲ್ಲಿದ್ದ ಪೆನ್ನು, ಎಲ್ಲವೂ ಆ ಕೌಂಟರಿನ ಹಾಗೆ ಕಂಡಿತು. ಉತ್ತರ ಎಲ್ಲಿಗೂ ಹೋಗುವುದಿಲ್ಲ ಎಂದು ಊರಿಗೆಲ್ಲ ಹೇಳಿದವಳು ನಾನು. ನನ್ನ ಬಾಯಿಂದ ಬಂದದ್ದು ಒಂದೇ ಮಾತು. "ಕನ್ನಡ."

ಅಷ್ಟು ಉದ್ದದ ಮಾತಿಗೆ ಇಷ್ಟೇನಾ ಎಂದು ಪುವಾನ್‌ಗೆ ಅನಿಸಿರಬೇಕು. ನನ್ನನ್ನು ಬಿಟ್ಟು ನೇರವಾಗಿ ಅಜ್ಜಿಯನ್ನೇ ನೋಡಿ, ಮೆಲ್ಲಗೆ, "ಅದಾ ಲಾಗಿ, ಮಕ್ಚಿಕ್?" ಎಂದರು. ಇನ್ನೂ ಇದೆಯಾ ದೊಡ್ಡಮ್ಮ ಎಂದು. ಅಷ್ಟು ಮಲಯ್ ಅಜ್ಜಿಗೆ ಬರುತ್ತದೆ. ಅಜ್ಜಿ ನನ್ನ ಮುಖವನ್ನು ನೋಡಿದಳು. ತುಂಬಾ ಹೊತ್ತು ನೋಡಿದಳು. ಆಮೇಲೆ ಇಲ್ಲವೆಂದು ತಲೆಯಾಡಿಸಿದಳು.

ಪುವಾನ್ ಹೋದ ಮೇಲೆ ಅಡುಗೆಮನೆಯಲ್ಲಿ ಅವಳು ಮುಡಿಯಿಂದ ಹೂ ತೆಗೆಯುತ್ತಿದ್ದಳು. ಕಾಲು ಹಿಡಿಯೋಣವೆಂದು ಹೋದೆ. ಬೈಯಲಿಲ್ಲ. ನನ್ನ ಕಡೆ ತಿರುಗಲೂ ಇಲ್ಲ.

"ತಿಮ್ಮು ಯಾವತ್ತೂ ನನ್ನನ್ನ ಕೇಳ್ದೇ ಹೇಳ್ತಿದ್ದ" ಎಂದಳು. "ನೀನು ಕೇಳಿಸ್ಕೊಂಡು ಹೇಳ್ದೆ."